ಬ್ರುಸೆಲ್ಲಾ ಜ್ವರ: ಡಾಕ್ಸಿಸೈಕ್ಲಿನ್ ಸರಿ, ಜೊತೆಗೆ ಯಾವುದು?

ದನ, ಕುರಿಗಳಿಂದ ಮನುಷ್ಯರಿಗೆ ಹತ್ತುವ ಬ್ರುಸೆಲ್ಲಾ ಜ್ವರದ ಚೀಟಿಯಲ್ಲಿ ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯೋಟಿಕ್ ಇರಬೇಕು ಅನ್ನುವುದಕ್ಕೆ ಯಾರದೂ ತಕರಾರಿಲ್ಲ. 100 ಮಿಲಿಗ್ರಾಂ, ದಿನಕ್ಕೆರಡು ಸಲ, ಆರು ವಾರ. ತಕರಾರಿರುವುದು ಅದರ ಜೊತೆಗಾರನ ಬಗ್ಗೆ: ರಿಫಾಂಪಿಸಿನ್ ಗುಳಿಗೆಯೋ, ಸ್ಟ್ರೆಪ್ಟೋಮೈಸಿನ್ ಅಥವಾ ಜೆಂಟಾಮೈಸಿನ್ ಸೂಜಿಯೋ. ಎರಡೂ ಗುಳಿಗೆಯಾದರೆ ಮನೆಯಲ್ಲೇ ನುಂಗಬಹುದು, ದಿನಾ ದವಾಖಾನೆಗೆ ಅಲೆಯುವುದು ತಪ್ಪುತ್ತದೆ ಅಂತ ಬರೆಯುವವರ ಕೈ ರಿಫಾಂಪಿಸಿನ್ ಕಡೆ ಬೇಗ ಹೋಗುತ್ತದೆ. ನನ್ನ ಒಲವು ಸೂಜಿಯ ಕಡೆ. ಯಾಕೆ ಅನ್ನುವುದನ್ನು ಬಿಡಿಸಿ ಬರೆಯುತ್ತೇನೆ. ಸೂಜಿ ಬೇಡವೇ ಬೇಡ ಅನ್ನುವ ಸಂದರ್ಭಗಳೂ ಇವೆ, ಅವೂ ಬರುತ್ತವೆ.

ಮೊದಲು ರೋಗದ ಬಗ್ಗೆ ನಾಲ್ಕು ಮಾತು. ಆಕಳು, ಎಮ್ಮೆ ದಿನ ತುಂಬುವ ಮೊದಲೇ ಕಂದು ಹಾಕಿದರೆ ನಮ್ಮ ಕಡೆ ಅದನ್ನು ಕಂದು ರೋಗ ಅನ್ನುತ್ತಾರೆ. ಆ ರೋಗದ ಒಂದು ದೊಡ್ಡ ಕಾರಣ ಬ್ರುಸೆಲ್ಲಾ ಎಂಬ ಬ್ಯಾಕ್ಟೀರಿಯಾ. ದನ, ಎಮ್ಮೆಗಳಲ್ಲಿ ಇರುವುದು ಬ್ರುಸೆಲ್ಲಾ ಅಬಾರ್ಟಸ್. ಕುರಿ, ಆಡುಗಳಲ್ಲಿ ಬ್ರುಸೆಲ್ಲಾ ಮೆಲಿಟೆನ್ಸಿಸ್. ಮನುಷ್ಯರನ್ನು ಹೆಚ್ಚು ಕಾಡುವುದು ಎರಡನೆಯದು. 1887ರಲ್ಲಿ ಮಾಲ್ಟಾದಲ್ಲಿ ಡೇವಿಡ್ ಬ್ರೂಸ್ ಎಂಬ ಸೇನಾ ವೈದ್ಯರು ಇದನ್ನು ಮೊದಲು ಕಂಡರು. ಅದು ಆಡಿನ ಹಾಲಿನಿಂದ ಬರುತ್ತದೆ ಅಂತ ಗೊತ್ತಾಗಲು 1905ರ ತನಕ ಕಾಯಬೇಕಾಯಿತು. ಕುರಿ ಹಿಂಡು ಕಾಯುವವರು, ಈಯಿಸುವಾಗ ಬರಿಗೈಯಿಂದ ಮರಿ ಎಳೆಯುವವರು, ಮಾಸು ಬಳಿದು ಹಾಕುವ ಹೆಣ್ಣುಮಕ್ಕಳು, ಕಟುಕರು, ಪಶುವೈದ್ಯ ಸಿಬ್ಬಂದಿ, ಕರೆದ ಹಾಲನ್ನು ಹಸಿಯಾಗೇ ಕುಡಿಯುವವರು, ಇವರಿಗೆಲ್ಲ ಬರಬಹುದು. ಧಾರವಾಡ ಪೇಡಾದ ಬಗ್ಗೆ ಹೆದರಬೇಕಿಲ್ಲ. ಅಷ್ಟು ಹೊತ್ತು ಬಾಣಲೆಯಲ್ಲಿ ಬೆಂದ ಹಾಲಿನಲ್ಲಿ ಬ್ರುಸೆಲ್ಲಾ ಉಳಿಯುವುದಿಲ್ಲ.

ಸೋಂಕು ತಗುಲಿ ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಕ್ಕೆ, ಕೆಲವೊಮ್ಮೆ ತಿಂಗಳುಗಟ್ಟಲೆ ಬಿಟ್ಟು, ಜ್ವರ ಶುರುವಾಗುತ್ತದೆ. ಸಂಜೆ ಏರುತ್ತದೆ, ರಾತ್ರಿ ಅಂಗಿ ತೊಯ್ಯುವಷ್ಟು ಬೆವರು, ಬೆಳಿಗ್ಗೆ ಎದ್ದರೆ ಮನುಷ್ಯ ಆರಾಮ. ಟೊಂಕ ನೋವು, ಕೀಲು ನೋವು, ಗಂಡಸರಲ್ಲಿ ಒಂದು ಬದಿಯ ವೃಷಣ ಬಾವು. ವಿಡಾಲ್ ಪರೀಕ್ಷೆ ಮಾಡಿಸಿ, ಟೈಫಾಯ್ಡ್ ಅಂತ ಹತ್ತು ದಿನ ಸೆಫಿಕ್ಸಿಮ್ ಅಥವಾ ಸೆಫ್ಟ್ರಿಯಾಕ್ಸೋನ್ ಕೊಟ್ಟರೆ ಜ್ವರ ಸ್ವಲ್ಪ ತಗ್ಗಿದಂತೆ ಮಾಡಿ ಮತ್ತೆ ಬರುತ್ತದೆ. ಇಂಥವರಿಗೆ ಕೇಳಬೇಕಾದ ಪ್ರಶ್ನೆ ಒಂದೇ: “ಮನ್ಯಾಗ ದನಾ, ಕುರಿ ಅದಾವೇನ್ರೀ? ಇತ್ತೀಚಿಗೆ ಯಾವುದಾದ್ರೂ ಕಂದು ಹಾಕೇತೇನು?” ಈ ಪ್ರಶ್ನೆ ಕೇಳದೆ ಹೋದರೆ ಮುಂದಿನದೆಲ್ಲ ತಡ.

ಪರೀಕ್ಷೆ ಸುಲಭ. ರೋಸ್ ಬೆಂಗಾಲ್ ಅಂದರೆ ಗಾಜಿನ ಪಟ್ಟಿಯ ಮೇಲೆ ಒಂದು ಹನಿ ಸೀರಂ, ಒಂದು ಹನಿ ಗುಲಾಬಿ ಬಣ್ಣದ ಆಂಟಿಜೆನ್ ಕಲಸಿ ನಾಲ್ಕು ನಿಮಿಷ ತೂಗಿ ನೋಡುವುದು. ಒಡೆದ ಹಾಲಿನ ಹಾಗೆ ಕಾಳುಕಾಳಾದರೆ ಪಾಸಿಟಿವ್. ಆಮೇಲೆ ಟ್ಯೂಬಿನ ಅಗ್ಲುಟಿನೇಷನ್ ಪರೀಕ್ಷೆ. ಸೀರಂ ಅನ್ನು ಎಷ್ಟು ಪಟ್ಟು ತೆಳು ಮಾಡಿದರೂ ಕಾಳುಗಟ್ಟುತ್ತದೆ ಅನ್ನುವ ಲೆಕ್ಕಕ್ಕೆ ಟೈಟರ್ ಅನ್ನುತ್ತಾರೆ. ಲಕ್ಷಣದ ಜೊತೆ ಅದು 1:160 ಅಥವಾ ಅದಕ್ಕೂ ಮೇಲೆ ಬಂದರೆ ಅರ್ಥವಿದೆ. ಇಲ್ಲಿ ಒಂದು ಮೋಸವಿದೆ: ರಕ್ತದಲ್ಲಿ ಪ್ರತಿಕಾಯ ಅತಿಯಾಗಿದ್ದರೆ ಮೊದಲ ಕೆಲವು ಟ್ಯೂಬುಗಳಲ್ಲಿ ಏನೂ ಕಾಣುವುದಿಲ್ಲ, ತೆಳು ಮಾಡುತ್ತ ಹೋದ ಮೇಲೆ ಕಾಣುತ್ತದೆ. ಮೂರು ಟ್ಯೂಬಿಗೇ ನಿಲ್ಲಿಸಿದ ಲ್ಯಾಬು ‘ನೆಗೆಟಿವ್’ ಅಂತ ಬರೆದು ಕಳಿಸಬಹುದು. ರಕ್ತದ ಕಲ್ಚರ್ (ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ಕಳಿಸುವಾಗ ಚೀಟಿಯ ಮೇಲೆ ‘ಬ್ರುಸೆಲ್ಲಾ ಶಂಕೆ’ ಅಂತ ಬರೆಯಲೇಬೇಕು. ಬಾಟಲಿಯನ್ನು ಹೆಚ್ಚು ದಿನ ಇಡಬೇಕಾಗಬಹುದು ಅನ್ನುವುದು ಒಂದು ಕಾರಣ, ತೆರೆದ ಮೇಜಿನ ಮೇಲೆ ಮೂಸಿ ನೋಡಿದ ಲ್ಯಾಬ್ ಟೆಕ್ನಿಷಿಯನ್ನಿಗೇ ರೋಗ ಹತ್ತಬಹುದು ಅನ್ನುವುದು ಇನ್ನೊಂದು.

ಈಗ ಔಷಧಕ್ಕೆ ಬರೋಣ. ಬ್ರುಸೆಲ್ಲಾ ನಮ್ಮ ರಕ್ಷಣಾ ಕೋಶಗಳ ಒಳಗೇ ಮನೆ ಮಾಡಿಕೊಂಡು ಬದುಕುತ್ತದೆ, ಆ ಮನೆಯೊಳಗೆ ಹುಳಿ ಹೆಚ್ಚು. ಹಾಗಾಗಿ ಲ್ಯಾಬಿನ ತಟ್ಟೆಯಲ್ಲಿ ಚೆನ್ನಾಗಿ ಕೊಲ್ಲುವ ಔಷಧ ದೇಹದಲ್ಲಿ ಸೋಲಬಹುದು. ಅಜಿತ್ರೋಮೈಸಿನ್ ಕೋಶದೊಳಗೆ ಚೆನ್ನಾಗಿ ಹೋಗುತ್ತದೆ, ಆದರೆ ಹುಳಿಯಲ್ಲಿ ಅದರ ಶಕ್ತಿ ಇಳಿಯುತ್ತದೆ. ಡಾಕ್ಸಿಸೈಕ್ಲಿನ್ ಒಳಗೂ ಹೋಗುತ್ತದೆ, ಅಲ್ಲಿ ಕೆಲಸವನ್ನೂ ಮಾಡುತ್ತದೆ. ಸ್ಟ್ರೆಪ್ಟೋಮೈಸಿನ್, ಜೆಂಟಾಮೈಸಿನ್ ಕೋಶದೊಳಗೆ ಹೆಚ್ಚು ಹೋಗುವುದಿಲ್ಲ. ಹೊರಗೆ ರಕ್ತದಲ್ಲಿ ತಿರುಗುವ ಬ್ಯಾಕ್ಟೀರಿಯಾವನ್ನು ಮೊದಲ ವಾರದಲ್ಲೇ ಬಡಿದು ಹಾಕುತ್ತವೆ. ಒಂದು ಒಳಗೆ, ಒಂದು ಹೊರಗೆ. ಡಾಕ್ಸಿಸೈಕ್ಲಿನ್ ಒಂದನ್ನೇ ಕೊಟ್ಟರೂ ಜ್ವರ ಇಳಿಯುತ್ತದೆ, ಆದರೆ ಮರುಕಳಿಸುವುದು ಹೆಚ್ಚು. ಜೊತೆಗಾರ ಬೇಕಾಗುವುದು ಈ ಮರುಕಳಿಕೆ ತಡೆಯಲು, ಜ್ವರ ಇಳಿಸಲು ಅಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಪರಿಣತರ ಸಮಿತಿ 1986ರಲ್ಲಿ ಡಾಕ್ಸಿಸೈಕ್ಲಿನ್ 200 ಮಿಲಿಗ್ರಾಂ ಜೊತೆ ರಿಫಾಂಪಿಸಿನ್ 600ರಿಂದ 900 ಮಿಲಿಗ್ರಾಂ, ಆರು ವಾರ ಎಂದಿತು. ಸ್ಟ್ರೆಪ್ಟೋಮೈಸಿನ್ ಜೊತೆಗಿನ ಹಳೆಯ ಪದ್ಧತಿಯೂ ಉಳಿಯಿತು: ಡಾಕ್ಸಿ ಆರು ವಾರ, ಸ್ಟ್ರೆಪ್ಟೋ ದಿನಕ್ಕೆ 1 ಗ್ರಾಂ ಎರಡರಿಂದ ಮೂರು ವಾರ. ಆಮೇಲೆ ಸ್ಪೇನ್, ಟರ್ಕಿ, ಇರಾನ್ ಕಡೆ ಇವೆರಡನ್ನು ಎದುರುಬದುರು ಇಟ್ಟು ನೋಡಿದರು. 1992ರಲ್ಲಿ ಬಾರ್ಸಿಲೋನಾದವರು ಪ್ರಕಟಿಸಿದ ಪ್ರಯೋಗದಲ್ಲಿ, ಬೆನ್ನುಮೂಳೆಗೆ ಇಳಿಯದ ರೋಗದಲ್ಲಿ ಎರಡೂ ಹತ್ತಿರಹತ್ತಿರ. ಬೆನ್ನುಮೂಳೆಗೆ ಇಳಿದವರಲ್ಲಿ ರಿಫಾಂಪಿಸಿನ್ ಹಿಂದೆ ಬಿತ್ತು. 2008ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಒಟ್ಟು ವಿಶ್ಲೇಷಣೆ, 2012ರಲ್ಲಿ ಕೊಕ್ರೇನ್ ಸಂಸ್ಥೆ ಪ್ರಯೋಗಗಳನ್ನೆಲ್ಲ ಒಟ್ಟಿಗೆ ತೂಗಿ ನೋಡಿದ ಪರಾಮರ್ಶೆ ಎರಡೂ ಒಂದೇ ಕಡೆ ವಾಲಿದವು: ಡಾಕ್ಸಿ-ರಿಫಾಂಪಿಸಿನ್‌ಗಿಂತ ಡಾಕ್ಸಿ-ಸ್ಟ್ರೆಪ್ಟೋ ಮೇಲು, ಮರುಕಳಿಕೆ ಕಡಿಮೆ. ಜೆಂಟಾಮೈಸಿನ್ ವಿಷಯಕ್ಕೆ ಇರಾನಿನ ಬಾಬೋಲ್‌ನಲ್ಲಿ ನಡೆದ ಪ್ರಯೋಗ ಮುಖ್ಯ. ಒಂದು ವಾರದ ಜೆಂಟಾಮೈಸಿನ್ ಎರಡು ವಾರದ ಸ್ಟ್ರೆಪ್ಟೋಮೈಸಿನ್‌ಗೆ ಸಮನಾಗಿ ನಿಂತಿತು.

ರಿಫಾಂಪಿಸಿನ್ ಯಾಕೆ ಹಿಂದೆ ಬೀಳುತ್ತದೆ? ಅದು ಪಿತ್ತಜನಕಾಂಗದ ಕಿಣ್ವಗಳನ್ನು ಎಬ್ಬಿಸುತ್ತದೆ. ಎದ್ದ ಕಿಣ್ವಗಳು ಡಾಕ್ಸಿಸೈಕ್ಲಿನ್ ಅನ್ನು ಬೇಗ ಹೊರಹಾಕುತ್ತವೆ, ರಕ್ತದಲ್ಲಿ ಅದರ ಮಟ್ಟ ಇಳಿಯುತ್ತದೆ. ಅಂದರೆ ಜೊತೆಗೆ ಬಂದವನೇ ಯಜಮಾನನ ಊಟ ಕಡಿಮೆ ಮಾಡಿದ ಹಾಗೆ.

ಇದಕ್ಕಿಂತ ನನಗೆ ಹೆಚ್ಚು ಚಿಂತೆ ಕೊಡುವುದು ಟಿಬಿ. ದಿನಾ ಸಂಜೆ ಜ್ವರ, ಬೆವರು, ತೂಕ ಇಳಿಕೆ, ಟೊಂಕ ನೋವು: ಎರಡೂ ರೋಗದ ಲಕ್ಷಣ ಒಂದೇ. ಬೆನ್ನುಮೂಳೆಯ ಎಂಆರ್‌ಐನಲ್ಲೂ ಗೊಂದಲವಾಗುತ್ತದೆ. ಬ್ರುಸೆಲ್ಲಾ ಹೆಚ್ಚಾಗಿ ಸೊಂಟದ ಮೂಳೆಗಳಲ್ಲಿ ಕೂರುತ್ತದೆ, ಮೂಳೆಯ ಆಕಾರ ಬಹುಮಟ್ಟಿಗೆ ಉಳಿಯುತ್ತದೆ. ಟಿಬಿ ಎದೆಯ ಭಾಗದ ಕಡೆ ಹೆಚ್ಚು, ಮೂಳೆ ಕುಸಿದು ಗೂನು ಬರುವುದೂ ಹೆಚ್ಚು. ಆದರೆ ಇದು ಪಕ್ಕಾ ಗೆರೆಯಲ್ಲ. ಒಳಗೆ ಟಿಬಿ ಇರುವವನಿಗೆ ಬ್ರುಸೆಲ್ಲಾ ಅಂದುಕೊಂಡು ಆರು ವಾರ ರಿಫಾಂಪಿಸಿನ್ ಕೊಟ್ಟರೆ, ಟಿಬಿಯ ಬ್ಯಾಕ್ಟೀರಿಯಾದ ಎದುರು ಅದು ಬಹುತೇಕ ಒಂಟಿಯಾಗಿ ಹೋರಾಡಿದ ಹಾಗೆ, ಪ್ರತಿರೋಧ ಬೆಳೆಯಲು ದಾರಿ. ಸ್ಟ್ರೆಪ್ಟೋಮೈಸಿನ್‌ಗೂ ಇದೇ ಮಾತು ಅನ್ವಯ. ಜೆಂಟಾಮೈಸಿನ್‌ಗೆ ಈ ತೊಡಕಿಲ್ಲ. ಟಿಬಿ ಚಿಕಿತ್ಸೆಯಲ್ಲಿ ಅದಕ್ಕೆ ಪಾತ್ರವೇ ಇಲ್ಲ. ರಿಫಾಂಪಿಸಿನ್ ಬರೆಯುವ ಮುನ್ನ ಎದೆಯ ಎಕ್ಸ್‌ರೇ, ಕಫ ಬಂದರೆ ಸಿಬಿನ್ಯಾಟ್ ಎಂಬ ಟಿಬಿ ಪರೀಕ್ಷೆ, ಬೆನ್ನುಮೂಳೆಯಲ್ಲಿ ಕೀವು ಇದ್ದರೆ ಅದರದೇ ಪರೀಕ್ಷೆ, ಇಷ್ಟಾದರೂ ಆಗಬೇಕು.

ಇನ್ನೊಂದು ಸಣ್ಣ ಸಂಗತಿ, ಆದರೆ ಊರಿನಲ್ಲಿ ದೊಡ್ಡದಾಗುತ್ತದೆ. ರಿಫಾಂಪಿಸಿನ್ ಶೆಡ್ಯೂಲ್ ಎಚ್‌1 ಪಟ್ಟಿಯ ಔಷಧ. ಅಂಗಡಿಯವರು ಹೆಸರು, ವಿಳಾಸ ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಟಿಬಿ ಗುಳಿಗೆ ಮಾರಿದ್ದು ವರದಿಯಾದರೆ ಟಿಬಿ ವಿಭಾಗದವರು ಮನೆ ಬಾಗಿಲಿಗೆ ಬರಬಹುದು. “ನಿಮ್ಮ ಮನ್ಯಾಗ ಟಿಬಿ ಅಂತಲ್ಲಾ?” ಅಂತ ಪಕ್ಕದ ಮನೆಯವರು ಕೇಳಿದ ದಿನವೇ ಗುಳಿಗೆ ನಿಲ್ಲಿಸುವವರುಂಟು. ಚೀಟಿಯ ಮೇಲೆ ‘ಬ್ರುಸೆಲ್ಲೋಸಿಸ್’ ಅಂತ ಸ್ಪಷ್ಟವಾಗಿ ಬರೆದರೆ, ರೋಗಿಗೆ ಮೊದಲೇ ಹೇಳಿದರೆ ಅರ್ಧ ತೊಂದರೆ ತಪ್ಪುತ್ತದೆ. ಸ್ಟ್ರಿಪ್ಪಿನ ಹಿಂದೆ ಓದಿ ನೋಡುವುದೂ ಅಷ್ಟೇ ಮುಖ್ಯ. ರಿಫಾಂಪಿಸಿನ್ ಒಂದೇ ಇರುವ ಕ್ಯಾಪ್ಸೂಲ್, ರಿಫಾಂಪಿಸಿನ್ ಜೊತೆ ಐಸೋನಿಯಜಿಡ್ ಸೇರಿಸಿದ ಗುಳಿಗೆ, ಎರಡರ ಹೆಸರೂ ಕಿವಿಗೆ ಒಂದೇ ಥರ ಕೇಳುತ್ತವೆ. ಎರಡನೆಯದು ಟಿಬಿಗೆ, ಬ್ರುಸೆಲ್ಲಾಕ್ಕೆ ಅಲ್ಲ.

ಜೆಂಟಾಮೈಸಿನ್ ಲೆಕ್ಕ ಹೀಗೆ. ತೂಕದ ಪ್ರತಿ ಕಿಲೋಗೆ 5 ಮಿಲಿಗ್ರಾಂ, ದಿನಕ್ಕೆ ಒಂದೇ ಸಲ, ಏಳರಿಂದ ಹತ್ತು ದಿನ. 55 ಕಿಲೋ ತೂಗುವವರಿಗೆ 275 ಮಿಲಿಗ್ರಾಂ. ಅಂಗಡಿಯಲ್ಲಿ ಸಿಗುವ ಸಣ್ಣ ಬಾಟಲಿ 2 ಮಿಲಿಲೀಟರಿನದು, ಅದರಲ್ಲಿ 80 ಮಿಲಿಗ್ರಾಂ, ಅಂದರೆ ಮಿಲಿಲೀಟರಿಗೆ 40. ಮೂರು ಬಾಟಲಿ ಪೂರ್ತಿ, ನಾಲ್ಕನೆಯದರಲ್ಲಿ 0.9 ಮಿಲಿಲೀಟರ್, ಒಟ್ಟು 6.9. ಇದನ್ನು 100 ಮಿಲಿಲೀಟರ್ ಸಲೈನ್‌ಗೆ ಹಾಕಿ ಅರ್ಧದಿಂದ ಒಂದು ಗಂಟೆಯಲ್ಲಿ ರಕ್ತನಾಳಕ್ಕೆ ಬಿಡುವುದು ವಾಸಿ. ಸ್ನಾಯುವಿಗೇ ಕೊಡುವುದಾದರೆ ಎರಡು ಕುಂಡೆಗೂ ಹಂಚಬೇಕು. ತಪ್ಪಾಗುವುದು ಇಲ್ಲಿಯೇ. ‘ಜೆಂಟಾ 80, ದಿನಕ್ಕೆರಡು’ ಅಂತ ಹಳೆಯ ರೂಢಿಯಲ್ಲಿ ಬರೆದರೆ ಈ ಮನುಷ್ಯನಿಗೆ ಬಿದ್ದದ್ದು 160 ಮಿಲಿಗ್ರಾಂ, ಕಿಲೋಗೆ 3 ಕೂಡ ಇಲ್ಲ. ಏಳು ದಿನ ಸೂಜಿ ಚುಚ್ಚಿಸಿಕೊಂಡೂ ಪೂರ್ತಿ ಔಷಧ ಹೋಗಿರುವುದಿಲ್ಲ, ಆಮೇಲೆ ಜೆಂಟಾಮೈಸಿನ್ ಕೆಲಸ ಮಾಡಲಿಲ್ಲ ಅನ್ನುವ ಮಾತು ಬರುತ್ತದೆ.

ಶುರು ಮಾಡುವ ಮುನ್ನ ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ನೋಡಬೇಕು, ನಾಲ್ಕೈದನೇ ದಿನ ಮತ್ತೊಮ್ಮೆ. ಕೀಲು ನೋವಿಗೆ ಅಂತ ದಿನಾ ಡೈಕ್ಲೋಫೆನಾಕ್ ಸೂಜಿ ಅಥವಾ ಗುಳಿಗೆ ತಗೊಳ್ಳುವ ಚಟ ನಮ್ಮ ಕಡೆ ಬಹಳ. ಜೆಂಟಾಮೈಸಿನ್ ನಡೆಯುವಷ್ಟು ದಿನ ಅದನ್ನು ಬಿಡಿಸಲೇಬೇಕು, ಎರಡೂ ಸೇರಿ ಮೂತ್ರಪಿಂಡಕ್ಕೆ ಪೆಟ್ಟು. ನೋವಿಗೆ ಪ್ಯಾರಾಸಿಟಮಾಲ್ ಸಾಕು. ಕಿವಿಯಲ್ಲಿ ಗುಂಯ್ ಅನ್ನುವುದು, ಕತ್ತಲಲ್ಲಿ ನಡೆದರೆ ತೂರಾಡುವುದು, ಬಸ್ಸಿನಲ್ಲಿ ಕೂತಾಗ ಹೊರಗಿನ ಬೋರ್ಡಿನ ಅಕ್ಷರ ಅಲುಗಿದಂತೆ ಕಾಣುವುದು: ಇವು ಒಳಗಿವಿಯ ಹಾನಿಯ ಸೂಚನೆ, ಅಂದೇ ನಿಲ್ಲಿಸಬೇಕು. ಸ್ಟ್ರೆಪ್ಟೋಮೈಸಿನ್‌ನಲ್ಲೂ ಈ ಅಪಾಯವಿದೆ, ಅದರ ಅವಧಿ ಎರಡು-ಮೂರು ಪಟ್ಟು. ಸೂಜಿಗಳಲ್ಲಿ ಜೆಂಟಾಮೈಸಿನ್ ಕಡೆಗೆ ನಾನು ವಾಲಲು ಅದೂ ಒಂದು ಕಾರಣ. ಗರ್ಭಿಣಿಗೆ, ಮೂತ್ರಪಿಂಡ ಸೋತವರಿಗೆ, ಸ್ನಾಯು ಸೋಲುವ ಮಯಸ್ತೇನಿಯಾ ರೋಗ ಇದ್ದವರಿಗೆ ಎರಡೂ ಬೇಡ.

ಹಾಗಾದರೆ ರಿಫಾಂಪಿಸಿನ್ ಯಾರಿಗೆ? ಹಿಂಡಿನ ಹಿಂದೆ ಊರೂರು ಹೋಗುವ ಕುರಿಗಾಹಿಗೆ. ಇವತ್ತು ಸವಣೂರಿನ ಹೊಲದಲ್ಲಿ ಕುರಿ ನಿಲ್ಲಿಸಿದವರು ಮುಂದಿನ ವಾರ ಎಲ್ಲಿರುತ್ತಾರೋ. ಅವರಿಗೆ ಏಳು ದಿನ ಒಂದೇ ಕಡೆ ಬಂದು ಸೂಜಿ ಹಾಕಿಸಿಕೊಳ್ಳಿ ಅನ್ನುವುದು ಕಾಗದದ ಮೇಲಿನ ಮಾತು. ಮೂರು ದಿನದ ಸೂಜಿಗಿಂತ ಆರು ವಾರದ ಗುಳಿಗೆ ಮೇಲು. ಇಂಥವರಿಗೆ ಒಮ್ಮೆಗೇ 84 ಡಾಕ್ಸಿ, 600ರ ರಿಫಾಂಪಿಸಿನ್ 42 ಎಣಿಸಿ ಕೊಟ್ಟು, ಯಾವ ಹಬ್ಬ ಅಥವಾ ಯಾವ ಸಂತೆಯ ಹೊತ್ತಿಗೆ ಮುಗಿಯುತ್ತದೆ ಅಂತ ಹೇಳಬೇಕು. ‘ನಲವತ್ತೆರಡು ದಿನ’ ಮರೆತುಹೋಗುತ್ತದೆ, ‘ಆರನೇ ಸಂತೆ’ ನೆನಪಿರುತ್ತದೆ. ಮೂತ್ರ, ಬೆವರು, ಕಣ್ಣೀರು ಕೇಸರಿ-ಕೆಂಪಾಗುತ್ತದೆ ಅಂತ ಮೊದಲ ದಿನವೇ ಹೇಳದಿದ್ದರೆ, ರಕ್ತ ಹೋಗುತ್ತಿದೆ ಅಂತ ಹೆದರಿ ಮೂರನೇ ದಿನಕ್ಕೆ ಬಿಡುತ್ತಾರೆ. ಬೆಳಿಗ್ಗೆ ಊಟಕ್ಕೆ ಒಂದು ತಾಸು ಮೊದಲು, ಖಾಲಿ ಹೊಟ್ಟೆಗೆ. ಗರ್ಭನಿರೋಧಕ ಗುಳಿಗೆ ಇದರ ಜೊತೆ ಕೆಲಸ ಮಾಡುವುದಿಲ್ಲ. ವಾರ್ಫರಿನ್, ಸಕ್ಕರೆ ಕಾಯಿಲೆಯ ಕೆಲವು ಗುಳಿಗೆ, ಎಚ್‌ಐವಿ ಔಷಧಗಳ ಲೆಕ್ಕವೂ ತಪ್ಪುತ್ತದೆ. ಕಣ್ಣು ಹಳದಿಯಾದರೆ, ವಾಂತಿ ಬಿಡದಿದ್ದರೆ ನಿಲ್ಲಿಸಿ ದವಾಖಾನೆಗೆ.

ಡಾಕ್ಸಿಸೈಕ್ಲಿನ್ ನುಂಗುವ ರೀತಿ ಎರಡೂ ಪದ್ಧತಿಗೆ ಒಂದೇ. ರಾತ್ರಿ ಮಲಗುವಾಗ ಒಂದು ಗುಟುಕು ನೀರಿನಲ್ಲಿ ನುಂಗಿ ಹಾಸಿಗೆಗೆ ಬಿದ್ದರೆ ಕ್ಯಾಪ್ಸೂಲ್ ಅನ್ನನಾಳದ ನಡುವೆಯೇ ಅಂಟಿಕೊಂಡು ಕರಗುತ್ತದೆ, ಅಲ್ಲಿ ಹುಣ್ಣು. ಬೆಳಿಗ್ಗೆ ಎದೆಯ ನಡುವೆ ಬೆಂಕಿ ಇಟ್ಟಂಥ ನೋವು, ಉಗುಳು ನುಂಗಲೂ ಕಷ್ಟ. ಇದನ್ನು ಹೃದಯಾಘಾತ ಅಂತ ಇಸಿಜಿಗೆ ಓಡುವುದುಂಟು. ರೊಟ್ಟಿ ಊಟದ ನಡುವೆ, ತುಂಬಿದ ಲೋಟ ನೀರಿನೊಂದಿಗೆ, ಆಮೇಲೆ ಅರ್ಧ ತಾಸಾದರೂ ಕೂತೇ ಇರಬೇಕು. ಕಬ್ಬಿಣಾಂಶದ ಗುಳಿಗೆ, ಕ್ಯಾಲ್ಸಿಯಂ, ಗುಲಾಬಿ ಬಣ್ಣದ ಆಂಟಾಸಿಡ್ ದ್ರವ, ಇವಕ್ಕೂ ಡಾಕ್ಸಿಗೂ ಕನಿಷ್ಠ ಎರಡು-ಮೂರು ತಾಸು ಅಂತರ ಬೇಕು. ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ. ಬ್ಯಾಡಗಿ ಕಡೆ ಕಣದಲ್ಲಿ ದಿನವಿಡೀ ಮೆಣಸಿನಕಾಯಿ ಹರಡುವವರು ತಲೆಗೆ, ಮುಖಕ್ಕೆ ವಸ್ತ್ರ ಕಟ್ಟಿಕೊಳ್ಳಲಿ, ತುಂಬು ತೋಳಿನ ಅಂಗಿ ಹಾಕಲಿ.

ಸಿಪ್ರೋಫ್ಲಾಕ್ಸಾಸಿನ್, ಓಫ್ಲಾಕ್ಸಾಸಿನ್ ಮೊದಲ ಸಾಲಿನವಲ್ಲ. ಬೇರೆ ದಾರಿ ಇಲ್ಲದಾಗ ಇನ್ನೊಂದರ ಜೊತೆ ಆರು ವಾರ ಕೊಡಬಹುದು. ಇವೇ ಸಾಕು ಅಂತ ಹತ್ತು ದಿನ ಕೊಟ್ಟು ಬಿಡುವುದು ಕೆಟ್ಟ ರೂಢಿ.

ಎಂಟು ವರ್ಷದೊಳಗಿನ ಮಕ್ಕಳ ಕಥೆ ಬೇರೆ. ಡಾಕ್ಸಿ ದೀರ್ಘಕಾಲ ಕೊಟ್ಟರೆ ಹಲ್ಲಿನ ಬಣ್ಣದ ಚಿಂತೆ. ಹಾಗಾಗಿ ಕೋ-ಟ್ರೈಮೋಕ್ಸಜೋಲ್, ಜೊತೆಗೆ ರಿಫಾಂಪಿಸಿನ್, ಆರು ವಾರ. ಕೋ-ಟ್ರೈಮೋಕ್ಸಜೋಲ್‌ನಲ್ಲಿರುವ ಎರಡು ಔಷಧಗಳಲ್ಲಿ ಒಂದಾದ ಟ್ರೈಮಿಥೋಪ್ರಿಮ್ ಲೆಕ್ಕದಲ್ಲಿ ದಿನಕ್ಕೆ ಕಿಲೋಗೆ 8ರಿಂದ 10 ಮಿಲಿಗ್ರಾಂ, ಎರಡು ಭಾಗ ಮಾಡಿ. 15 ಕಿಲೋ ಮಗುವಿಗೆ 8ರ ಲೆಕ್ಕದಲ್ಲಿ 120, ಹೊತ್ತಿಗೆ 60 ಮಿಲಿಗ್ರಾಂ. 5 ಮಿಲಿಲೀಟರಿಗೆ 40 ಮಿಲಿಗ್ರಾಂ ಇರುವ ಸಿರಪ್ಪಿನಲ್ಲಿ ಅದು 7.5 ಮಿಲಿಲೀಟರ್, ದಿನಕ್ಕೆರಡು ಸಲ. ರಿಫಾಂಪಿಸಿನ್ ದಿನಕ್ಕೆ ಕಿಲೋಗೆ 15ರಿಂದ 20 ಮಿಲಿಗ್ರಾಂ. ಮೈಮೇಲೆ ದದ್ದು ಎದ್ದರೆ ಸಿರಪ್ ಅಲ್ಲಿಗೇ ನಿಲ್ಲಿಸಿ. ಗರ್ಭಿಣಿಗೆ ರಿಫಾಂಪಿಸಿನ್ನೇ ಆಧಾರ. ಕೋ-ಟ್ರೈಮೋಕ್ಸಜೋಲ್ ಸೇರಿಸುವುದಾದರೂ ಮೊದಲ ಮೂರು ತಿಂಗಳು ಮತ್ತು ಹೆರಿಗೆಯ ಹತ್ತಿರದ ದಿನಗಳಲ್ಲಿ ಬೇಡ. ಚಿಕಿತ್ಸೆ ತಡವಾದರೆ ಗರ್ಭಪಾತದ ಅಪಾಯವಿದೆ, ಹೆರಿಗೆ ಆಗಲಿ ಅಂತ ಕಾಯಬಾರದು.

ಬೆನ್ನುಮೂಳೆಗೆ ಇಳಿದಿದ್ದರೆ ಆರು ವಾರ ಸಾಲದು, ಕನಿಷ್ಠ ಹನ್ನೆರಡು ವಾರದ ಡಾಕ್ಸಿ, ಮೊದಲಿಗೆ ಸೂಜಿ. ಮೆದುಳು, ನರಕ್ಕೆ ಹೋಗಿದ್ದರೆ ಸೆಫ್ಟ್ರಿಯಾಕ್ಸೋನ್, ಡಾಕ್ಸಿ, ರಿಫಾಂಪಿಸಿನ್ ಮೂರೂ, ತಿಂಗಳುಗಟ್ಟಲೆ; ಇಲ್ಲಿ ರಿಫಾಂಪಿಸಿನ್ ನಿಜವಾಗಿ ಬೇಕು. ಹೃದಯದ ಕವಾಟಕ್ಕೆ ಹತ್ತುವುದು ಅಪರೂಪ, ಆದರೆ ಈ ರೋಗದಲ್ಲಿ ಸಾವು ಬರುವುದು ಹೆಚ್ಚಾಗಿ ಅಲ್ಲಿಂದಲೇ. ಅದು ದೊಡ್ಡ ಆಸ್ಪತ್ರೆಯ, ಬಹಳ ಸಲ ಶಸ್ತ್ರಚಿಕಿತ್ಸೆಯ ಕೆಲಸ.

ಔಷಧ ಶುರುವಾದ ಮೊದಲೆರಡು ದಿನ ಜ್ವರ ಇನ್ನೂ ಏರಬಹುದು, ಗಾಬರಿ ಬೇಡ. ವಾರದೊಳಗೆ ಇಳಿಯುತ್ತದೆ. ಕಷ್ಟ ಇರುವುದು ಅಲ್ಲಿಂದ ಮುಂದೆ: ಆರಾಮಾದ ಮನುಷ್ಯ ಎರಡನೇ ವಾರಕ್ಕೆ ಗುಳಿಗೆ ಬಿಡುತ್ತಾನೆ. ಮರುಕಳಿಸುವುದು ಹೆಚ್ಚಾಗಿ ಔಷಧ ನಿಲ್ಲಿಸಿದ ಆರು ತಿಂಗಳೊಳಗೆ, ಬಹಳ ಸಲ ಕಾರಣ ಪ್ರತಿರೋಧ ಅಲ್ಲ, ಅರ್ಧಕ್ಕೆ ಬಿಟ್ಟದ್ದು. ಅದೇ ಔಷಧ ಮತ್ತೆ ಪೂರ್ತಿ ಕೊಟ್ಟರೆ ಸಾಮಾನ್ಯವಾಗಿ ಗುಣ. ಮೂರು, ಆರು, ಹನ್ನೆರಡನೇ ತಿಂಗಳಿಗೆ ಒಮ್ಮೆ ನೋಡಬೇಕು. ಆದರೆ ಟೈಟರ್ ಸಂಖ್ಯೆಗೆ ಔಷಧ ಕೊಡಬಾರದು; ಪೂರ್ತಿ ಗುಣವಾದವರಲ್ಲೂ ಪರೀಕ್ಷೆ ವರ್ಷಗಟ್ಟಲೆ ಪಾಸಿಟಿವ್ ಉಳಿಯಬಹುದು. ಜ್ವರವಿಲ್ಲ, ನೋವಿಲ್ಲ, ತೂಕ ಏರುತ್ತಿದೆ ಅಂದರೆ 1:160 ಇದ್ದರೂ ಬಿಟ್ಟುಬಿಡಿ. ಮತ್ತೆ ಜ್ವರ ಬಂದರೆ ಮೊದಲು ಕೊಟ್ಟಿಗೆಯತ್ತ ನೋಡಿ. ಅದೇ ಎಮ್ಮೆಯ ಹಾಲು ಹಸಿಯಾಗಿ ಇನ್ನೂ ಮನೆಯಲ್ಲಿ ನಡೆಯುತ್ತಿದ್ದರೆ ಅದು ಮರುಕಳಿಕೆ ಅಲ್ಲ, ಹೊಸ ಸೋಂಕು ಇರಬಹುದು. ದನಕ್ಕೆ ಈ ಔಷಧ ಕೊಟ್ಟು ಗುಣಪಡಿಸುವ ಪದ್ಧತಿ ಇಲ್ಲ.

ಕೊನೆಗೆ ಲಸಿಕೆ ಹಾಕುವವರಿಗೆ. ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮ 2019ರಲ್ಲಿ ಶುರುವಾದ ಮೇಲೆ ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುಗಳಿಗೆ ಎಸ್‌19 ಲಸಿಕೆ ಹಾಕುತ್ತಾರೆ. ಅದು ಜೀವಂತ ಬ್ರುಸೆಲ್ಲಾ ಬ್ಯಾಕ್ಟೀರಿಯಾ. ಕರು ಕೊಸರಿ ಸೂಜಿ ನಿಮ್ಮ ಕೈಗೇ ಚುಚ್ಚಿದರೆ, ಕಣ್ಣಿಗೆ ಸಿಡಿದರೆ, ಗಾಯವನ್ನು ಸಾಬೂನು ನೀರಿನಿಂದ, ಕಣ್ಣನ್ನು ಬರೀ ನೀರಿನಿಂದ ಹದಿನೈದು ನಿಮಿಷ ತೊಳೆಯಿರಿ. ಜ್ವರ ಬರುವ ತನಕ ಕಾಯದೆ ಅಂದೇ ವೈದ್ಯರ ಬಳಿ ಹೋಗಿ. ಡಾಕ್ಸಿ 100 ದಿನಕ್ಕೆರಡು ಸಲ, ರಿಫಾಂಪಿಸಿನ್ 600 ದಿನಕ್ಕೊಮ್ಮೆ, 21 ದಿನ. ಆರ್‌ಬಿ51 ಅನ್ನುವ ಲಸಿಕೆಯಾಗಿದ್ದರೆ ರಿಫಾಂಪಿಸಿನ್ ಬೇಡ, ಆ ತಳಿಗೆ ಅದು ನಾಟುವುದೇ ಇಲ್ಲ. ಡಾಕ್ಸಿ ಒಂದೇ 21 ದಿನ. ಚಿಕಿತ್ಸೆಗೆ ಹೋಗುವಾಗ ಲಸಿಕೆಯ ಖಾಲಿ ಬಾಟಲಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡು ಹೋಗಿ, ಯಾವ ತಳಿ ಅನ್ನುವುದು ಲೇಬಲ್ಲಿನ ಮೇಲೆಯೇ ಇರುತ್ತದೆ.